ಮೂರು ವರ್ಷ ಆದ್ರೂ ಮುಗೀದ ಸ್ಕೀಯಿಂಗ್ ಗೇಮ್: ಮುಗಸಲ್ಯೋ, ಹಂಗ ಬಿಟ್ಟ ಬಿಡಲ್ಯೋ?

ಅರೆಬರೆ_ಪುಣೆ (ಶನಿವಾರ, ರಾತ್ರಿ 11:48)
ಎಲ್ಲಾರಿಗೂ ನಮಸ್ಕಾರ್ರೀ. ನಾ ಧಾರವಾಡದಾಂವ, ಪುಣೆಕ್ಕ ಬಂದು ಒಂಬತ್ತು ವರ್ಷ ಆತು, ಸಿಂಹಗಡ ರೋಡಿನಾಗ ಇರ್ತೀನಿ. ಹಗಲೆಲ್ಲಾ ಬ್ಯಾರೇದವರ ಬಿಲ್ಲಿಂಗ್ ಸಾಫ್ಟ್‌ವೇರ್ ರಿಪೇರಿ, ರಾತ್ರಿ ಹನ್ನೊಂದರ ಮ್ಯಾಲೆ ನನ್ನ ಗೇಮ್. ಮೂರು ವರ್ಷದಿಂದ ಒಂದು ಸ್ಕೀಯಿಂಗ್ ಗೇಮ್ ಮಾಡಾಕತ್ತೀನಿ, ಮುಗೀವಲ್ದು.

ಗೇಮ್ ಏನಪಾ ಅಂದ್ರ, ಪುಣೆ ಬಾಜೂಕ ಗುಡ್ಡದ ಮ್ಯಾಲಿರೋ ಕ್ವಾಟಿ ಐತೆಲ್ಲ, ಸಿಂಹಗಡ, ಅದರ ಮ್ಯಾಲೆ ಹಿಮ ಬಿದ್ದೈತಿ. ಅಷ್ಟ. ಯಾಕ ಬಿತ್ತು ಕೇಳಬ್ಯಾಡ್ರಿ. 2000ನೇ ಇಸವಿ ಫೆಬ್ರುವರಿಯೊಳಗ ಸ್ಪೇಸ್ ಶಟಲ್ ಮ್ಯಾಲಿಂದ ರಡಾರ್ ಹಾಕಿ ಭೂಮಿ ಎತ್ತರ ಅಳದಿದ್ರಲ್ಲ, ಎಸ್‌ಆರ್‌ಟಿಎಮ್ ಅಂತಾರ ಅದಕ್ಕ, ಆ ಡೇಟಾ ಪುಕ್ಕಟ ಸಿಗತೈತಿ. ಅದರಾಗ ಸಿಂಹಗಡದಿಂದ ಖಡಕ್‌ವಾಸಲಾ ಕೆರಿ ತನಕ ಗುಡ್ಡ ಕತ್ತರಿಸಿ ತಗೊಂಡು ಗೊಡಾಟ್ ಅಂತ ಗೇಮ್ ಮಾಡೋ ಸಾಫ್ಟ್‌ವೇರ್‌ನ್ಯಾಗ ಹಾಕಿ ಬಿಳಿ ಬಣ್ಣ ಹೊಡದೀನಿ. ಕ್ವಾಟಿ ಇಲ್ಲ, ದರವಾಜಾ ಇಲ್ಲ, ಬರೇ ಗುಡ್ಡ.

ಪ್ರಯೋಗ ಏನಂದ್ರ ಎರಡೂ ಕಾಲಿಗೆ ಬ್ಯಾರೆ ಬ್ಯಾರೆ ಕಂಟ್ರೋಲ್. ಎಡಗಾಲಿನ ಸ್ಕೀಗೆ ಎ ಮತ್ತ ಡಿ, ಬಲಗಾಲಿಗೆ ಜೆ ಮತ್ತ ಎಲ್, ಸ್ಪೇಸ್ ಒತ್ತಿದ್ರ ಮೈ ಬಗ್ಗಸ್ತಾನ. ಸ್ಕೋರ್ ಇಲ್ಲ, ನಡುವ ದಾಟಿ ಹೋಗೋ ಕಂಬದ ಗೇಟ್ ಇಲ್ಲ, ಟೈಮರ್ ಇಲ್ಲ, ಮೆನು ಸೈತ ಇಲ್ಲ. ಆಡಿದಾವ್ರು ಎಲ್ಲಾರೂ ಅರ್ಧ ನಿಮಿಷದಾಗ ಬಕ್ಕಬರಲ ಬೀಳ್ತಾರ. ಇಳಿಜಾರಿನ ಮ್ಯಾಲೆ ಮೆಟ್ಟಲ ಮೆಟ್ಟಲ ಕಾಣ್ತಾವ, ಅದೂ ಹೋಗವಲ್ದು.

ಕೆರಿ ತನಕ ಮುಟ್ಟಿದಾಕಿ ಒಬ್ಬಾಕಿನ, ಹುಬ್ಬಳ್ಳಿಯೊಳಗಿರೋ ನಮ್ಮ ಅಕ್ಕನ ಮಗಳು, ಹನ್ನೊಂದು ವರ್ಷದಾಕಿ, ನಾ ಕೊಟ್ಟ ಹಳೇ ಲ್ಯಾಪ್‌ಟಾಪಿನಾಗ ಆಡಿ. ದಿನಾ ಹೋಗ್ತಾಳಂತ. ಮಾಡಿದಾಂವ ನಾನ ಇನ್ನೂ ಮುಟ್ಟಿಲ್ಲ.

ಈಗ ಹೇಳ್ರಿ, ಗೇಟ್ ಸ್ಕೋರ್ ಎಲ್ಲಾ ಹಾಕಿ ಒಂದು ಗೇಮ್ ಅಂತ ಮಾಡಿ ಮುಗಸಲ್ಯೋ, ಇಲ್ಲಾ ಇಲ್ಲಿಗೇ ಬಿಟ್ಟು ಹೊಸಾದು ಶುರು ಮಾಡಲ್ಯೋ. ಹೇಣ್ತಿ ಅಂತಾಳ, ಒಂದರ ಮುಗಸು, ಇಲ್ಲಾ ಒಂದರ ಮಕ್ಕೋ. ಲಿಂಕ್ ಪ್ರೊಫೈಲಿನಾಗ ಐತಿ.

ಮಡಗಾಂವ್_ಮಳೆ
ಹೇಣ್ತಿ ಹೇಳಿದ್ದು ಕೇಳ್ರಿ ಸರ್. ಮಕ್ಕೋರಿ.

ಡೊಂಬಿವಲಿ_ಫಾಸ್ಟ್
ಗುರು ಡೌನ್‌ಲೋಡ್ ಮಾಡ್ತಾ ಇದೀನಿ, ಆಡ್ಬಿಟ್ಟು ಬೈತೀನಿ.

ಥಾಣೆ_ಟೀಚರ್
ಸ್ಕೀಯಿಂಗ್ ಗೇಮ್ ಅಂದ ತಕ್ಷಣ ನನಗೆ ನೆನಪಾಗಿದ್ದು ಸ್ಕೀಫ್ರೀ. 90ರ ದಶಕದಲ್ಲಿ ನಮ್ಮ ಶಾಲೆಗೆ ಮೊದಲ ಸಲ ನಾಲ್ಕು ಕಂಪ್ಯೂಟರ್ ಬಂದಾಗ, ಮಕ್ಕಳಿಗೆ ಪೇಂಟ್ ಕಲಿಸಿ ಅಂತ ನನ್ನನ್ನ ಕೂರಿಸಿದ್ರು, ಮಕ್ಕಳು ಹೋದಮೇಲೆ ನಾನು ಬಾಗಿಲು ಹಾಕ್ಕೊಂಡು ಸ್ಕೀಫ್ರೀ ಆಡ್ತಿದ್ದೆ! ಕೆಳಗೆ ಹೋಗ್ತಾ ಹೋಗ್ತಾ ಎಲ್ಲಿಂದಲೋ ಒಂದು ಬೂದಿ ಬಣ್ಣದ ಭೂತ ಓಡಿಬಂದು ಹಿಡಿದು ತಿಂದುಬಿಡೋದು, ತಿಂದ್ಮೇಲೆ ಹಲ್ಲು ಬೇರೆ ಚುಚ್ಚಿಕೊಳ್ಳೋದು. ನಾನು ಅದನ್ನ ವೈರಸ್ ಅಂದ್ಕೊಂಡು ಹೆಡ್‌ಮಾಸ್ಟರಿಗೆ ಹೇಳೋಕೂ ಆಗದೆ ಒಂದು ವಾರ ಒದ್ದಾಡಿದ್ದೀನಿ.

ಡೊಂಬಿವಲಿ_ಫಾಸ್ಟ್
ಹಹಹ ಟೀಚರ್, ಅದು ಯೇತಿ, ಹಿಮಮಾನವ. 2000 ಮೀಟರ್ ದಾಟಿದ್ರೆ ಬರೋದು. ಎಫ್ ಒತ್ತಿದ್ರೆ ಸ್ಪೀಡ್ ಜಾಸ್ತಿ ಆಗ್ತಿತ್ತು, ತಪ್ಪಿಸ್ಕೋಬಹುದಿತ್ತು, ಅರ್ಧ ಪ್ರಪಂಚಕ್ಕೆ ಇದು ಗೊತ್ತೇ ಇರಲಿಲ್ಲ. ಕ್ರಿಸ್ ಪಿರಿಹ್ ಅಂತ ಮೈಕ್ರೋಸಾಫ್ಟ್‌ನ ಒಬ್ಬ ಪ್ರೋಗ್ರಾಮರ್ ತನ್ನ ಖುಷಿಗೆ ಮಾಡ್ಕೊಂಡಿದ್ದು, ಆಮೇಲೆ 1991ರಲ್ಲಿ ಎಂಟರ್‌ಟೇನ್‌ಮೆಂಟ್ ಪ್ಯಾಕ್ 3ರಲ್ಲಿ ಬಂತು. ಅದೂ ಒಬ್ಬನೇ ಹವ್ಯಾಸಕ್ಕೆ ಮಾಡಿದ ಗೇಮೇ ನೋಡಿ ಅರೆಬರೆ ಅವ್ರೇ, ಧೈರ್ಯ ತಗೊಳ್ಳಿ.

ಥಾಣೆ_ಟೀಚರ್
ಎಫ್ ಒತ್ತಬೇಕಿತ್ತಾ?! ಇಷ್ಟು ವರ್ಷ ಆದ್ಮೇಲೆ ಹೇಳ್ತಿದ್ದೀಯಲ್ಲಪ್ಪ.

ವಾಸ್ಕೊ_ವಾಲಾ
ಸಿಂಹಗಡಕ್ಕ ಯೇತಿ ಬ್ಯಾಡ, ಉಡ ಬಿಡ್ರಿ ಹಿಂದ. ಶಿವಾಜಿ ಸರದಾರ ತಾನಾಜಿ ಈ ಕ್ವಾಟಿ ಗೆದ್ದ ಕಥಿಯೊಳಗ ಉಡಕ್ಕ ಹಗ್ಗ ಕಟ್ಟಿ ಗ್ವಾಡಿ ಹತ್ತಿದ್ರು ಅಂತಾರಲ್ಲ, ಅದ ಉಡ ಸ್ಕೀ ಮಾಡಾವನ ಬೆನ್ನ ಹತ್ತಬೇಕು.

ಅರೆಬರೆ_ಪುಣೆ
ಬ್ಯಾಡ್ರೀ ಅಣ್ಣಾ, ನಾ ಇಲ್ಲೇ ಬಾಡಗಿ ಮನ್ಯಾಗ ಇರಾಂವ. 1670ರ ಯುದ್ಧದ ಜಾಗಾ ಅದು, ಅದಕ್ಕ ಕ್ವಾಟಿನೂ ಹಾಕಿಲ್ಲ, ಯಾರನ್ನೂ ಹಾಕಿಲ್ಲ. ಬರೇ ಕಲ್ಲು ಮತ್ತ ಹಿಮ.

ಮಾಟುಂಗಾ_ಮಾಣಿ
ಅಲ್ಲ ಮಾರಾಯ, ನೀನು ಹಿಮ ನೋಡಿದ್ದು ಉಂಟಾ ಜೀವನದಲ್ಲಿ?

ಅರೆಬರೆ_ಪುಣೆ
ಇಲ್ಲ. ಫ್ರಿಜ್ಜಿನಾಗ ನೋಡೀನಿ.

ಮಾಟುಂಗಾ_ಮಾಣಿ
ಹಾಗಾದ್ರೆ ನಮ್ಮ ಊರಿಗೆ ಬಾ. ನಾವು ಕುಂದಾಪುರದ ಬದಿಯವರು, ಚಿಕ್ಕದಿರುವಾಗ ಮನೆ ಹಿಂದೆ ಗುಡ್ಡೆ ಉಂಟು, ಮಳೆ ಬಿದ್ದ ಮೇಲೆ ಪಾಚಿ ಕಟ್ಟಿ ಜಾರುವ ಮಣ್ಣು, ಅಡಿಕೆ ಹಾಳೆ ಒಂದು ಹಿಡ್ಕೊಂಡು ಹೋಗುವುದು, ಅಗಲದ ಬದಿಯಲ್ಲಿ ಕೂತು ಎಲೆ ಬದಿ ಕೈಯಲ್ಲಿ ಹಿಡಿದು ಕಾಲು ಎತ್ತಿದ್ರೆ ಆಯ್ತು, ಕೆಳಗೆ ತೋಡಿನವರೆಗೆ ಯಾರೂ ನಿಲ್ಲಿಸ್ಲಿಕ್ಕೆ ಇಲ್ಲ. ತಿರುಗ್ಲಿಕ್ಕೆ ಒಂದು ಹಿಮ್ಮಡಿ ಊರುವುದು, ಬ್ರೇಕ್‌ಗೆ ಎರಡೂ ಹಿಮ್ಮಡಿ. ಚಡ್ಡಿಯ ಹಿಂದೆ ಎರಡು ತೂತು ಬಿದ್ದು ಅಮ್ಮ ತೇಪೆ ಹಾಕಿ ಹಾಕಿ ಸಾಕಾಗಿ ಕಡೆಗೆ ಹಾಳೆಯಿಂದಲೇ ಬಾರಿಸಿದ್ದು. ನಿನ್ನ ಗೇಮ್ ಆಡಿದೆ ಈಗ, ಆ ಎಡಗಾಲು ಬಲಗಾಲು ಬೇರೆ ಬೇರೆ ಊರುವುದು ಉಂಟಲ್ಲ, ಅದು ಅಡಿಕೆ ಹಾಳೆಯದ್ದೇ ಫೀಲಿಂಗ್. ಸ್ಕೀ ತೆಗೆದು ಹಾಳೆ ಹಾಕು, ಮುಗೀತು ಗೇಮ್.

ಮಡಗಾಂವ್_ಮಳೆ
ಹಾಳೆ ಗೇಮ್ ಬಂದ್ರೆ ನಾನು ದುಡ್ಡು ಕೊಟ್ಟು ತಗೋತೀನಿ.

ಹಿಂಜವಡಿ_144
ಬೇಜಾರಾಗ್ಬೇಡಿ ಆದ್ರೆ ಗೇಮ್ ಬೋರ್. ಇಳಿಜಾರಲ್ಲಿ ಆಮೆ ಥರ ಹೋಗ್ತಾನೆ ನಿಮ್ಮ ಮನುಷ್ಯ. ನಾನು ಆಲ್ಟೋಸ್ ಅಡ್ವೆಂಚರ್ ಅನ್ನೋ ಮೊಬೈಲ್ ಗೇಮ್ 2015ರಲ್ಲಿ ಬಂದಾಗಿಂದ ಆಡ್ತಿದ್ದೀನಿ, ಒಂದೇ ಬೆರಳು, ಎಷ್ಟು ನೈಸ್ ಆಗಿ ಜಾರತ್ತೆ. ಇಲ್ಲಿ ನಾಲ್ಕು ಬೆರಳು ಹೆಬ್ಬೆರಳು ಎಲ್ಲಾ ಹಾಕಿದ್ರೂ ಇಪ್ಪತ್ತೆಂಟು ಕಿ.ಮೀ. ಸ್ಪೀಡ್ ತೋರಿಸ್ತಿದೆ. ನಮ್ಮ ಹಿಂಜವಡಿ ಟ್ರಾಫಿಕ್ ಇದಕ್ಕಿಂತ ಫಾಸ್ಟ್.

ಡೊಂಬಿವಲಿ_ಫಾಸ್ಟ್
ಹಿಂಜವಡಿ ಟ್ರಾಫಿಕ್ 28ರಲ್ಲಿ ಹೋಗತ್ತೆ ಅಂತ ಹೇಳ್ಕೊಳ್ಳೋ ಮೊದಲನೇ ಮನುಷ್ಯ ನೀವೇ.

ಆದ್ರೆ ಒಂದ್ನಿಮಿಷ, 28? ನನಗೆ ಅದೇ ಇಳಿಜಾರಲ್ಲಿ 67 ಬರ್ತಿದೆ. ನಿಮ್ಮ ಹೆಸರಲ್ಲಿರೋ 144 ಮಾನಿಟರಿಂದಾ?

ಹಿಂಜವಡಿ_144
ಹೌದು 144 ಹರ್ಟ್ಸ್ ಮಾನಿಟರ್, ಸೆಕೆಂಡಿಗೆ 144 ಸಲ ಚಿತ್ರ ಬದಲಾಗತ್ತೆ. ಏನೀಗ?

ವಾಸ್ಕೊ_ವಾಲಾ
ನನಗ 130ರ ಮ್ಯಾಲೆ ಹೊಂಟೈತಿ, ನಿಲ್ಲಸಾಕ ಆಗವಲ್ದು, ಕೆರಿ ತನಾ ಸೀದಾ ಹೋಗಿ ಬಂದೆ, ಹೋಗಿ ಬಂದೆ ಅಂದ್ರ ಹೋದೆ, ಬರಾಕ ಬರಂಗಿಲ್ಲ. ಭಾಳ ಮಜಾ ಐತಿ ತಮ್ಮಾ! ನನ್ನ ಲ್ಯಾಪ್‌ಟಾಪ್ ಹತ್ತು ವರ್ಷದ್ದು, ಫ್ಯಾನ್ ಸಪ್ಪಳ ಕೇಳಿ ಬಾಜೂ ಮನಿಯಾವ್ರು ಬಂದು ಮಿಕ್ಸರ್ ಹಾಕಿದೇನ ಅಂತ ಕೇಳ್ತಾರ.

ಡೊಂಬಿವಲಿ_ಫಾಸ್ಟ್
ಸಿಕ್ತು ಸಿಕ್ತು ಸಿಕ್ತು. ಅರೆಬರೆ ಅವ್ರೇ, ಗಾಳಿಯ ತಡೆ ಅಂತ ಪ್ರತಿ ಫ್ರೇಮಿಗೂ, ಅಂದ್ರೆ ಪರದೆ ಮೇಲೆ ಹೊಸ ಚಿತ್ರ ಬಂದಾಗೆಲ್ಲ, ವೇಗವನ್ನ ಯಾವುದೋ ನಂಬರಿಂದ ಗುಣಿಸ್ತಿದ್ದೀರಾ? 0.99 ಆ ಥರದ್ದು?

ಅರೆಬರೆ_ಪುಣೆ (ರಾತ್ರಿ 1:10)
0.997. ಮೂರು ವರ್ಷದ ಹಿಂದ ಹಾಕಿದ್ದು. ಆ ಸಾಲು ಮತ್ತ ಮುಟ್ಟೇ ಇಲ್ಲ.

ಹಿಂಜವಡಿ_144
ಸಿಂಪಲ್, ಅದನ್ನ ಡೆಲ್ಟಾ ಟೈಮಿಂದ ಗುಣಿಸಿ. 0.997 ಗುಣಿಸು ಡೆಲ್ಟಾ. ಆಯ್ತು.

ಡೊಂಬಿವಲಿ_ಫಾಸ್ಟ್
ಅಯ್ಯೋ ಹಂಗೆ ಮಾಡ್ಬೇಡಿ! ಡೆಲ್ಟಾ ಅಂದ್ರೆ ಒಂದು ಫ್ರೇಮಿಗೆ ಹಿಡಿಯೋ ಟೈಮ್, 60 ಫ್ರೇಮಲ್ಲಿ 0.0167 ಸೆಕೆಂಡ್. ವೇಗವನ್ನ 0.997 ಗುಣಿಸು 0.0167, ಅಂದ್ರೆ 0.0166ರಿಂದ ಗುಣಿಸಿದ್ರೆ ಮನುಷ್ಯ ಮೊದಲನೇ ಫ್ರೇಮಲ್ಲೇ ಗೋಡೆಗೆ ಗುದ್ದಿದ ಥರ ನಿಂತ್ಬಿಡ್ತಾನೆ.

ವಿಷಯ ಏನು ಅಂದ್ರೆ, 60 ಫ್ರೇಮ್ ಇರೋ ಕಂಪ್ಯೂಟರಲ್ಲಿ ಸೆಕೆಂಡಿಗೆ 60 ಸಲ 0.997, ಅಂದ್ರೆ ಸೆಕೆಂಡ್ ಆದ್ಮೇಲೆ ವೇಗದ 83.5% ಉಳಿಯತ್ತೆ. 144ರಲ್ಲಿ 144 ಸಲ ಗುಣಿಸ್ತೀರಾ, 65% ಮಾತ್ರ. ಹಳೇ ಲ್ಯಾಪ್‌ಟಾಪ್ 30 ಫ್ರೇಮಲ್ಲಿ ತೆವಳ್ತಾ ಇದ್ರೆ 91% ಉಳಿಯತ್ತೆ. ಕಂಪ್ಯೂಟರ್ ಎಷ್ಟು ಫಾಸ್ಟೋ ಗಾಳಿ ಅಷ್ಟು ಗಟ್ಟಿ. ಈಗ 20 ಡಿಗ್ರಿ ಇಳಿಜಾರು ಅಂತ ಇಟ್ಕೊಳ್ಳಿ, ಕೆಳಕ್ಕೆ ಎಳೆಯೋದು 9.8 ಗುಣಿಸು ಸೈನ್ 20, ಸುಮಾರು 3.35. ಹಿಮದ ಘರ್ಷಣೆ ಬಿಟ್ಟು ಲೆಕ್ಕ ಹಾಕಿದ್ರೆ ಕೊನೇ ವೇಗ 60 ಫ್ರೇಮಲ್ಲಿ ಗಂಟೆಗೆ 67 ಕಿ.ಮೀ., 144ರಲ್ಲಿ 28, 30ರಲ್ಲಿ 134. ನೋಡಿ ಮೂರೂ ನಂಬರ್ ಈ ಥ್ರೆಡ್ಡಲ್ಲೇ ಬಂದಿದೆ, ನಾನು ಮಂತ್ರ ಹಾಕಿಲ್ಲ.

ಸರಿ ಮಾಡೋಕೆ ಎರಡು ದಾರಿ. ಆ ಸಾಲನ್ನ ಫಿಸಿಕ್ಸ್ ಪ್ರೊಸೆಸ್ ಒಳಗೆ ಹಾಕಿ, ಗೊಡಾಟಲ್ಲಿ ಅದು ಸೆಕೆಂಡಿಗೆ 60 ಸಲಾನೇ ನಡಿಯತ್ತೆ, ಮಾನಿಟರ್ ಯಾವುದಾದ್ರೂ ಆಗ್ಲಿ. ಇಲ್ಲಾಂದ್ರೆ 0.997 ತೆಗೆದು ಅದರ ಜಾಗದಲ್ಲಿ ಇ-ಯ ಘಾತ ಮೈನಸ್ 0.18 ಗುಣಿಸು ಡೆಲ್ಟಾ ಅಂತ ಹಾಕಿ.

ಅರೆಬರೆ_ಪುಣೆ
ಅಂದ್ರ ನಮ್ಮ ಅಕ್ಕನ ಮಗಳು ಕೆರಿ ಮುಟ್ಟಿದ್ದು...

ಡೊಂಬಿವಲಿ_ಫಾಸ್ಟ್
ಲ್ಯಾಪ್‌ಟಾಪ್ ನಿಧಾನ ಇದ್ದಿದ್ದಕ್ಕೆ. ಹೂಂ.

ಮಡಗಾಂವ್_ಮಳೆ
ಇದನ್ನ ಆ ಹುಡುಗಿಗೆ ಹೇಳ್ಬೇಡಿ ದಯವಿಟ್ಟು.

ಗುಲ್ಮಾರ್ಗ್_ರಿಟರ್ನ್ (ಭಾನುವಾರ, ಬೆಳಗ್ಗೆ 9:25)
ಅಂಧೇರಿಯಿಂದ. ನಾನು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಬೇಸಿಕ್ ಕೋರ್ಸ್ ಮಾಡಿದ್ದೀನಿ, ಹಿಮದ ಮೇಲೆ ಬಿದ್ದ ಅನುಭವ ಬೇಕಾದಷ್ಟಿದೆ, ಅದಕ್ಕೇ ಹೇಳ್ತೀನಿ, ಫ್ರೇಮ್ ರೇಟ್ ಬಿಡಿ, ನಿಮ್ಮ ಗೇಮಲ್ಲಿ ತಿರುಗೋದೇ ತಲೆಕೆಳಗಾಗಿದೆ.

ನಿಮ್ಮ ಮನುಷ್ಯ ಎಡಕ್ಕೆ ತಿರುಗಬೇಕಾದ್ರೆ ಎಡಗಾಲಿನ ಮೇಲೆ ಭಾರ ಹಾಕ್ತಾನೆ. ಸೈಕಲ್ ಥರ ಯೋಚಿಸಿದ್ದೀರಿ ಅನ್ಸತ್ತೆ. ಸ್ಕೀಯಿಂಗಲ್ಲಿ ಎಡಕ್ಕೆ ತಿರುಗೋಕೆ ಭಾರ ಬಲಗಾಲಿನ ಮೇಲೆ ಹೋಗಬೇಕು, ಹೊರಗಿನ ಸ್ಕೀ ಮೇಲೆ. ನಮ್ಮ ಇನ್‌ಸ್ಟ್ರಕ್ಟರ್ ಇದೊಂದನ್ನೇ ಮೂರು ದಿನ ಕೂಗಿ ಕೂಗಿ ಗಂಟಲು ಹೋಗಿತ್ತು. ಮೈ ಒಳಗೆ ವಾಲತ್ತೆ, ಭಾರ ಹೊರಗಿನ ಕಾಲಿಗೆ ಹೋಗತ್ತೆ, ಆ ಸ್ಕೀಯ ಅಂಚು ಹಿಮದೊಳಗೆ ಕಚ್ಚತ್ತೆ. ಸ್ಕೀ ನಡುವಲ್ಲಿ ಸಣ್ಣ, ತುದಿ ಅಗಲ ಇರತ್ತಲ್ಲ, ಅಂಚಿನ ಮೇಲೆ ನಿಲ್ಲಿಸಿ ಭಾರ ಹಾಕಿದ್ರೆ ಅದು ಬಿಲ್ಲಿನ ಥರ ಬಾಗಿ ತಾನೇ ವೃತ್ತದಲ್ಲಿ ಹೋಗತ್ತೆ. ಜಾಸ್ತಿ ವಾಲಿಸಿದಷ್ಟೂ ಸಣ್ಣ ವೃತ್ತ. ಮನುಷ್ಯ ತಿರುಗಿಸೋದಲ್ಲ, ಸ್ಕೀ ತಿರುಗತ್ತೆ.

ಇನ್ನೊಂದು, ಮೊದಲನೇ ದಿನ ಕಲಿಸೋದೇ ಬ್ರೇಕ್. ಮುಂದಿನ ತುದಿ ಎರಡೂ ಹತ್ತಿರ, ಹಿಂದೆ ಅಗಲ, ಪಿಜ್ಜಾ ತುಂಡಿನ ಆಕಾರ. ಮಕ್ಕಳಿಗೆ ಪಿಜ್ಜಾ ಪಿಜ್ಜಾ ಅಂತಲೇ ಕೂಗ್ತಾರೆ. ನಿಮ್ಮ ಗೇಮಲ್ಲಿ ಡಿ ಮತ್ತೆ ಜೆ ಒಟ್ಟಿಗೆ ಒತ್ತಿದೆ, ಪಿಜ್ಜಾ ಆಯ್ತು, ನಿಜವಾಗ್ಲೂ ಖುಷಿಯಾಯ್ತು, ಆದ್ರೆ ವೇಗ ಕಮ್ಮಿ ಆಗ್ಲಿಲ್ಲ! ಸ್ಕೀ ಅಡ್ಡ ಆದಾಗ ತಡೆ ಹೆಚ್ಚಾಗಬೇಕು, ಅದನ್ನ ನೀವು ಬರೆದೇ ಇಲ್ಲ. ಜನ ಅರ್ಧ ನಿಮಿಷದಲ್ಲಿ ಬೀಳದೆ ಇನ್ನೇನು ಮಾಡ್ತಾರೆ, ನೀವು ಬ್ರೇಕ್ ಇಲ್ಲದ ಲಾರಿ ಕೊಟ್ಟಿದ್ದೀರಿ.

ಮಾಟುಂಗಾ_ಮಾಣಿ
ಅಡಿಕೆ ಹಾಳೆಯಲ್ಲಿಯೂ ಹಾಗೆಯೇ ಮೇಡಂ, ಎಡಕ್ಕೆ ಹೋಗ್ಲಿಕ್ಕೆ... ಇಲ್ಲ, ಎಡ ಹಿಮ್ಮಡಿ ಊರಿದ್ರೆ ಎಡಕ್ಕೇ ಹೋಗ್ತದೆ. ತಪ್ಪಾಯ್ತು. ನೀವು ಹೇಳಿದ್ದೇ ಸರಿ.

ಅರೆಬರೆ_ಪುಣೆ
ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಹೊರಗಿನ ಕಾಲು. ಮೂರು ವರ್ಷ ವಿಡಿಯೋ ನೋಡಿ ನೋಡಿ ಮಾಡೀನಿ, ಮೈ ಒಳಗ ವಾಲೋದು ಕಾಣ್ತಿತ್ತು, ಅದಕ್ಕ ಒಳಗಿನ ಕಾಲಿಗೇ ಭಾರ ಅನಕೊಂಡೆ. ಭಾರ ವಿಡಿಯೋದಾಗ ಕಾಣೂದಿಲ್ಲಲ್ರೀ.

ಗುಲ್ಮಾರ್ಗ್_ರಿಟರ್ನ್
ನಿಜ, ಕಾಣಲ್ಲ. ಮಂಡಿಗೆ ಗೊತ್ತಾಗತ್ತೆ. ಆದ್ರೆ ಸೌಂಡ್ ಮಾತ್ರ ಕರೆಕ್ಟಾಗಿದೆ ಕಣ್ರಿ, ಹಿಂದಿನ ರಾತ್ರಿ ಬಿದ್ದ ಒಣ ಹಿಮದ ಮೇಲೆ ಹೋಗೋ ಸದ್ದು. ಎಲ್ಲಿಂದ ತಂದ್ರಿ?

ಅರೆಬರೆ_ಪುಣೆ
ಅವ್ವ ದೀಪಾವಳಿಗೆ ಬಂದಾಗ ಸಾಣಿಗ್ಯಾಗ ರವಾ ಹಿಡೀಲಿಕತ್ತಿದ್ಲು, ಫೋನ್ ಬಾಜೂಕ ಇಟ್ಟು ರೆಕಾರ್ಡ್ ಮಾಡಿ ಸ್ವಲ್ಪ ನಿಧಾನ ಮಾಡೀನಿ. ನಡಬರಕ ಒಂದ ಕಡೆ ಬಳಿ ಸಪ್ಪಳ ಬರತೈತಿ, ಅದನ್ನ ತಗದಿಲ್ಲ.

ಥಾಣೆ_ಟೀಚರ್
ತೆಗೀಬೇಡಪ್ಪ.

ಕಲ್ಲುಮಣ್ಣು
ಯಾರೂ ಮೆಟ್ಟಿಲಿನ ಬಗ್ಗೆ ಮಾತಾಡ್ತಿಲ್ಲ ಅಂತ ಬಂದೆ. ನಾನು ಜಿಯಾಲಜಿ ಓದಿದವನು, ಪುಣೆಯಲ್ಲೇ ಕೆಲಸ. ನಿಮ್ಮ ಇಳಿಜಾರಲ್ಲಿ ಮೆಟ್ಟಿಲು ಕಾಣೋದು ಬಗ್ ಅಲ್ಲ ಸ್ವಾಮಿ, ಅದು ಸಹ್ಯಾದ್ರಿ! ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಒಂದರ ಮೇಲೊಂದು ಪದರ ಪದರವಾಗಿ ಹರಿದು ಗಟ್ಟಿಯಾಯ್ತು, ಗಟ್ಟಿ ಬಸಾಲ್ಟ್ ಇದ್ದಲ್ಲಿ ನೆಟ್ಟಗೆ ಬಂಡೆ ನಿಲ್ತು, ಮೆತ್ತಗಿನ ಪದರ ಸವೆದು ಚಪ್ಪಟೆ ಜಗಲಿ ಆಯ್ತು. ಡೆಕ್ಕನ್ ಟ್ರ್ಯಾಪ್ ಅಂತೀವಲ್ಲ, ಆ ಟ್ರ್ಯಾಪ್ ಅನ್ನೋ ಪದ ಬಂದಿದ್ದೇ ಸ್ವೀಡಿಷ್ ಭಾಷೆಯ ಮೆಟ್ಟಿಲಿನಿಂದ. ಆಲ್ಪ್ಸ್ ಥರ ನುಣ್ಣಗೆ ಇಳಿಯೋ ಗುಡ್ಡ ನಮ್ಮದಲ್ಲ. ಮುಂಬೈ-ಪುಣೆ ಟ್ರೇನಲ್ಲಿ ಖಂಡಾಲಾ ಘಾಟ್ ಹತ್ತುವಾಗ ಕಿಟಕಿಯಿಂದ ನೋಡಿ, ಅಡ್ಡಡ್ಡ ಗೆರೆ ಎಳೆದ ಹಾಗೆ ಕಾಣತ್ತೆ, ಮಳೆಗಾಲದಲ್ಲಿ ಒಂದೊಂದು ಗೆರೆಯಿಂದ ಒಂದೊಂದು ನೀರಿನ ದಾರ. ದಯವಿಟ್ಟು ಅದನ್ನ ನುಣ್ಣಗೆ ಮಾಡ್ಬೇಡಿ.

ಡೊಂಬಿವಲಿ_ಫಾಸ್ಟ್
ಸರ್ ಚೆನ್ನಾಗಿದೆ ಆದ್ರೆ ಅರ್ಧ ತಪ್ಪು. ಎಸ್‌ಆರ್‌ಟಿಎಮ್‌ನಲ್ಲಿ 30 ಮೀಟರಿಗೆ ಒಂದು ಬಿಂದು, ಎತ್ತರ ಪೂರ್ಣಾಂಕದಲ್ಲಿ ಮಾತ್ರ, 812 ಇಲ್ಲಾ 813, ನಡುವೆ ಏನೂ ಇಲ್ಲ. ಇವ್ರು ಅದನ್ನ ಸಣ್ಣ ಸಣ್ಣ ಚೌಕ ಮಾಡುವಾಗ ಪಕ್ಕದ ಬಿಂದುವಿನ ಎತ್ತರ ಹಂಗೇ ತುಂಬಿದ್ದಾರೆ. ಅದಕ್ಕೇ ಕೆರೆ ಹತ್ತಿರದ ಸಮತಟ್ಟು ಜಾಗದಲ್ಲೂ ಒಂದೊಂದು ಮೀಟರ್ ಮೆಟ್ಟಿಲು. ಅದು ನಿಮ್ಮ ಲಾವಾ ಅಲ್ಲ, ಡೇಟಾದ ಲಾವಾ.

ಕಲ್ಲುಮಣ್ಣು
ಮೇಲಿನ ಬಂಡೆಗಳು 15-20 ಮೀಟರ್ ಎತ್ತರ ತೋರಿಸ್ತಿವೆ, ಅದು ಪೂರ್ಣಾಂಕದಿಂದ ಬರಲ್ಲ.

ಡೊಂಬಿವಲಿ_ಫಾಸ್ಟ್
ಮೇಲಿಂದು ನಿಮ್ದು, ಕೆಳಗಿಂದು ನಂದು. ಒಪ್ಕೊಳ್ತೀರಾ?

ಕಲ್ಲುಮಣ್ಣು
ಒಪ್ಕೊಂಡೆ. ಸಿಂಹಗಡದ ಮೇಲೆ ಸಿಗೋ ಪಿಠಲಾ ಭಾಕರಿ, ಕಡಲೆಹಿಟ್ಟಿನ ಪಲ್ಯ ಮತ್ತೆ ರೊಟ್ಟಿ, ನಿಮ್ಮ ಲೆಕ್ಕದಲ್ಲಿ.

ಹಿಂಜವಡಿ_144
ಬೈಕ್ಯೂಬಿಕ್ ಹಾಕಿ, ಸುತ್ತಲಿನ 16 ಬಿಂದು ನೋಡಿ ನಯ ಮಾಡತ್ತೆ, ಸಣ್ಣ ಮೆಟ್ಟಿಲು ಹೋಗತ್ತೆ ದೊಡ್ಡ ಬಂಡೆ ಸುಮಾರಾಗಿ ಉಳಿಯತ್ತೆ. ಈ ಸಲ ಸರಿಯಾಗಿ ಹೇಳಿದ್ದೀನಾ?

ಡೊಂಬಿವಲಿ_ಫಾಸ್ಟ್
ಈ ಸಲ ಸರಿ 👍

ವಾಸ್ಕೊ_ವಾಲಾ
ಪಿಠಲಾ ಭಾಕರಿ ಅಂದ್ರಿ, ಸಿಂಹಗಡದ ಮ್ಯಾಲಿಂದು ನಮ್ಮ ವಿಜಾಪುರದ ಜುಣಕದ ಮುಂದ ಏನೂ ಅಲ್ಲ. ರೊಟ್ಟಿ ಬಡಿಯೋದು ಬ್ಯಾರೆ, ಭಾಕರಿ ಬ್ಯಾರೆ.

ಕಲ್ಲುಮಣ್ಣು
ಜೊತೆಗೆ ಕುಂಬಾರ ಗಡಿಗೆಯ ಮೊಸರು ಸಿಗತ್ತಲ್ಲ ಅಲ್ಲಿ, ಅದಕ್ಕೆ ಏನಂತೀರಿ?

ವಾಸ್ಕೊ_ವಾಲಾ
ಮೊಸರಿಗೆ ಏನೂ ಅನ್ನೂದಿಲ್ಲ. ಮೊಸರು ಚಲೋ ಐತಿ.

ಮಡಗಾಂವ್_ಮಳೆ
ಗೇಮಲ್ಲಿ ಗೇಟ್ ಬದಲು ಮೊಸರಿನ ಗಡಿಗೆ ಇಡಿ. ಎಲ್ಲಾ ಗಡಿಗೆ ತಪ್ಪಿಸಿ ಹೋದ್ರೆ ಗೆದ್ದ ಹಾಗೆ.

ಥಾಣೆ_ಟೀಚರ್
ಎಲ್ಲರೂ ಏನೇನೋ ಹಾಕು ಅಂತಿದ್ದೀರಲ್ಲ, ಆ ಹುಡುಗಿ ದಿನಾ ಯಾಕೆ ಆಡ್ತಾಳೆ ಅಂತ ಯಾರಾದ್ರೂ ಕೇಳಿದ್ರಾ? ಸ್ಕೋರ್ ಇಲ್ಲ, ಗೇಟ್ ಇಲ್ಲ, ಆದ್ರೂ ಹೋಗ್ತಾಳೆ. ಮೊದಲು ಅವಳನ್ನ ಕೇಳಿ ಬಾ ತಮ್ಮಾ, ಆಮೇಲೆ ಮುಗಿಸೋದು ಬಿಡೋದು.

ಮಾಟುಂಗಾ_ಮಾಣಿ
ಅದು ಸರಿಯೇ. ನಾವು ಗುಡ್ಡೆಯಿಂದ ಜಾರ್ತಿದ್ದಾಗ ಪಾಯಿಂಟ್ ಯಾರು ಕೊಡ್ತಿದ್ರು.

ಹಿಂಜವಡಿ_ಹೊಸಬ
ಸುಮ್ನೆ ಕೇಳ್ತಿದ್ದೀನಿ, ಇಂಡಿಯಾದಲ್ಲಿ ಸ್ಕೀಯಿಂಗ್ ಯಾರಾದ್ರೂ ಮಾಡ್ತಾರಾ, ಈ ಗೇಮ್ ಯಾರು ತಗೋತಾರೆ?

ಗುಲ್ಮಾರ್ಗ್_ರಿಟರ್ನ್
ಮಾಡ್ತಾರೆ ಸರ್. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಇಡೀ ದೇಶದಿಂದ ಹೋಗಿದ್ದು ಒಬ್ಬನೇ ಆಟಗಾರ, ಕಾಶ್ಮೀರದ ಆರಿಫ್ ಖಾನ್, ಅವನು ಸ್ಕೀಯರ್. ಗೇಟ್‌ಗಳ ನಡುವೆ ತಿರುಗ್ತಾ ಇಳಿಯೋ ಜೈಂಟ್ ಸ್ಲಾಲಮ್‌ನಲ್ಲಿ 45ನೇ ಜಾಗ. ಇನ್ನೊಂದು ಸ್ಪರ್ಧೆ ಸ್ಲಾಲಮ್, ಅದು ಮುಗಿಸೋಕಾಗ್ಲಿಲ್ಲ. ಗುಲ್ಮಾರ್ಗ್‌ನಲ್ಲಿ ಗೊಂಡೊಲಾ, ಅಂದ್ರೆ ತಂತಿ ಮೇಲೆ ಹೋಗೋ ಡಬ್ಬಿ, ಹತ್ತಿದ್ರೆ 3,900 ಮೀಟರಿಗೂ ಮೇಲಕ್ಕೆ ಬಿಡತ್ತೆ. ಮೇಲೆ ನಿಂತು ಕೆಳಗೆ ನೋಡಿದಾಗ ನನಗಂತೂ ಅದೇ ಗೊಂಡೊಲಾದಲ್ಲಿ ವಾಪಸ್ ಹೋಗೋಣ ಅನ್ನಿಸಿತ್ತು. ಹೋದೆ ಕೂಡ.

ಮಡಗಾಂವ್_ಮಳೆ
ನಾನು ಮುಂಬೈಯ ಒಂದು ಮಾಲಿನ ಹಿಮದ ಕೋಣೆಗೆ ಹೋಗಿದ್ದೆ, ಬಾಡಿಗೆ ಜಾಕೆಟ್ ಹಾಕ್ಕೊಂಡು. ಆಚೆ ಬಂದ ತಕ್ಷಣ ಕನ್ನಡಕಕ್ಕೆ ಮಂಜು ಹಿಡಿದು ಬೇರೆಯವರ ಹೆಂಡತಿ ಜೊತೆ ಲಿಫ್ಟ್ ಹತ್ತಿಬಿಟ್ಟೆ.

ಅರೆಬರೆ_ಪುಣೆ (ಭಾನುವಾರ, ರಾತ್ರಿ 11:30)
ಟೀಚರ್ ಹೇಳಿದಂಗ ಫೋನ್ ಮಾಡಿ ಕೇಳಿದೆ. ನಾ ಮೊದಲ ಫ್ರೇಮಿನ ಬಗ್ ಸರಿ ಮಾಡಿ, ಹೊರಗಿನ ಕಾಲಿನ ಭಾರ ಸರಿ ಮಾಡಿ, ಪಿಜ್ಜಾ ಬ್ರೇಕ್ ಹಾಕಿ, ಹೊಸಾ ಬಿಲ್ಡ್ ಆಕಿಗೆ ಕಳಿಸಿ, ಖುಷಿ ಪಡ್ತಾಳ ಅನಕೊಂಡಿದ್ದೆ. ಒಂದು ತಾಸಿನಾಗ ಫೋನ್ ಬಂತು.

"ಮಾಮಾ, ಹಾಳ ಮಾಡಿಟ್ಟಿ."

ಏನಾತವ್ವಾ ಅಂದೆ. ಮೊದಲಿನ ಗೇಮಿನಾಗ ಎರಡನೇ ಬಂಡೆಗಲ್ಲಿನ ಮ್ಯಾಲಿಂದ ಹಾರಿದ್ರ ಭಾಳ ಹೊತ್ತು ಗಾಳ್ಯಾಗ ಇರ್ತಿದ್ಲಂತ, ಆವಾಗ ಸಪ್ಪಳ ನಿಂತ ಬಿಡ್ತಿತ್ತು (ಗಾಳ್ಯಾಗ ಇದ್ದಾಗ ಹಿಮದ ಸೌಂಡ್ ಬಂದ್ ಆಗತೈತಿ, ಅದು ನಾನ ಬರದಿದ್ದು), ಸಪ್ಪಳ ಇಲ್ಲದಂಗ ಕೆಳಗ ಇಡೀ ಊರು ಕಾಣ್ತಿತ್ತು, ಅದಕ್ಕ ದಿನಾ ಆಡ್ತಿದ್ದೆ ಅಂದ್ಲು. ಈಗ ಆ ಬಂಡೆಗಲ್ಲು ಮುಟ್ಟೂದ್ರಾಗ ವೇಗ ಸಾಲೂದಿಲ್ಲ, ಕುಪ್ಪಳಿಸಿ ಬಿದ್ದು ಬಿಡ್ತಾನ.

ಲ್ಯಾಪ್‌ಟಾಪ್ ನಿಧಾನ ಇತ್ತು ಅದಕ್ಕ ನೀ ಗೆದ್ದಿದ್ದಿ ಅಂತ ಹೇಳಾಕ ಬಾಯಿ ಬರಲಿಲ್ಲ. ಈಗ ಏನ ಮಾಡಲಿ? ಬಗ್ ವಾಪಸ್ ಹಾಕಲ್ಯಾ?

ಡೊಂಬಿವಲಿ_ಫಾಸ್ಟ್
ಬಗ್ ವಾಪಸ್ ಹಾಕೋದಾ? ಛೆ ಇಲ್ಲ. ಫಿಸಿಕ್ಸ್ ಸರಿಯಿರಬೇಕು. ಗಂಟೆಗೆ 134 ಕಿ.ಮೀ. ಯಾರು ಹೋಗ್ತಾರೆ ಗುಡ್ಡದಲ್ಲಿ.

ಗುಲ್ಮಾರ್ಗ್_ರಿಟರ್ನ್
ಹೋಗ್ತಾರಲ್ಲ! ಸ್ವಿಟ್ಜರ್ಲೆಂಡಿನ ವೆಂಗೆನ್‌ನ ಡೌನ್‌ಹಿಲ್ ರೇಸಲ್ಲಿ 2013ರಲ್ಲಿ ಜೋಹಾನ್ ಕ್ಲಾರೆ 161.9 ಮುಟ್ಟಿದ್ದ. ನೇರ ಇಳಿಯೋ ಸ್ಪೀಡ್ ಸ್ಕೀಯಿಂಗ್ ಅಂತೂ 2023ರಲ್ಲಿ 255.5. ನಿಮ್ಮ ಹುಡುಗಿ 134 ಅಂದ್ರೆ ಅಂಥಾ ದೊಡ್ಡದೇನಲ್ಲ. ಅದನ್ನ ಬಗ್ ಅನ್ಬೇಡಿ, ಮೇಣ ಅನ್ನಿ. ಸ್ಕೀ ತಳಕ್ಕೆ ಮೇಣ ಬಳೀತಾರೆ, ಆ ದಿನದ ಹಿಮ ಎಷ್ಟು ತಣ್ಣಗಿದೆ ನೋಡಿ ಬೇರೆ ಬೇರೆ ಮೇಣ. ಸರಿಯಾದ ಮೇಣ ಸಿಕ್ಕಿದ್ರೆ ಜಾರೋದೇ ಬೇರೆ. ಗೇಮ್ ಶುರುವಲ್ಲಿ ಮೇಣ ಆರಿಸೋ ಹಾಗೆ ಮಾಡಿ, ಒಂದರಲ್ಲಿ ನಿಮ್ಮ ಈಗಿನ ನಂಬರ್, ಇನ್ನೊಂದರಲ್ಲಿ ಅದರ ಅರ್ಧ.

ಡೊಂಬಿವಲಿ_ಫಾಸ್ಟ್
ಮೇಣ ಹಿಮದ ಘರ್ಷಣೆ ಕಮ್ಮಿ ಮಾಡತ್ತೆ, ಗಾಳಿಯ ತಡೆ ಅಲ್ಲ. ಇವರದು ಗಾಳಿಯ ಸಾಲು.

ಗುಲ್ಮಾರ್ಗ್_ರಿಟರ್ನ್
ಸಿಂಹಗಡದ ಮೇಲೆ ಹಿಮ ಬಿದ್ದಿದೆ ಸರ್. ಅದನ್ನ ಒಪ್ಕೊಂಡವರು ಇದನ್ನೂ ಒಪ್ಕೋಬಹುದು.

ಡೊಂಬಿವಲಿ_ಫಾಸ್ಟ್
...ಸರಿ. 0.09 ಹಾಕಿ. 0.18ರ ಅರ್ಧ. 30 ಫ್ರೇಮಲ್ಲಿ ಆಗ್ತಿದ್ದಿದ್ದು ಕರೆಕ್ಟಾಗಿ ಅದೇ.

ಹಿಂಜವಡಿ_144
ಓದಿದ್ದೆ, ಫ್ಲೋರಿನ್ ಇರೋ ಮೇಣವನ್ನ ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್ 2023-24ರ ಸೀಸನ್ನಿಂದ ಬ್ಯಾನ್ ಮಾಡಿದೆ, ಪರಿಸರಕ್ಕೆ ಆರೋಗ್ಯಕ್ಕೆ ಕೆಟ್ಟದ್ದು ಅಂತ. ಈ ಮೇಣಕ್ಕೂ ಬ್ಯಾನ್ ಆದ ಮೇಣ ಅಂತ ಹೆಸರಿಡಿ, ಮಕ್ಕಳು ಅದನ್ನೇ ತಗೋತಾರೆ.

ವಾಸ್ಕೊ_ವಾಲಾ
ಹುಬ್ಬಳ್ಳಿ ಮೇಣ ಅಂತ ಇಡ್ರಿ. ತಮ್ಮಾ ಇನ್ನೊಂದು, ನನ್ನ ಕೀಬೋರ್ಡಿನಾಗ ಎ, ಜೆ, ಸ್ಪೇಸ್ ಮೂರೂ ಕೂಡಿ ಒತ್ತಿದ್ರ ಒಂದು ತಗೋಳೂದಿಲ್ಲ. ಗೇಮಿಂದೋ ನನ್ನ ಬೆರಳಿಂದೋ?

ಡೊಂಬಿವಲಿ_ಫಾಸ್ಟ್
ಕೀಬೋರ್ಡಿಂದು. ಕಮ್ಮಿ ಬೆಲೆಯ ಕೀಬೋರ್ಡಲ್ಲಿ ಒಳಗೆ ವೈರಿಂಗ್ ಅಡ್ಡ-ಉದ್ದ ಜಾಲರಿ ಥರ ಇರತ್ತೆ, ಕೆಲವು ಮೂರು ಕೀ ಒಟ್ಟಿಗೆ ಒತ್ತಿದ್ರೆ ಯಾವುದು ಅಂತ ಅದಕ್ಕೇ ಗೊತ್ತಾಗಲ್ಲ. ಅರೆಬರೆ ಅವ್ರೇ, ಕೀ ಬದಲಾಯಿಸೋ ಆಪ್ಷನ್ ಕೊಡಿ. ಅದಕ್ಕೊಂದು ಮೆನು ಬೇಕಾಗತ್ತೆ ಈಗ, ಮೇಣಕ್ಕೂ ಸೇರಿ.

ಅರೆಬರೆ_ಪುಣೆ (ಬುಧವಾರ, ರಾತ್ರಿ 12:20)
ಮೆನು ಬಂತು. ಮೂರು ವರ್ಷದಾಗ ಮೊದಲನೇ ಮೆನು. ಎರಡ ಸಾಲು ಐತಿ: ಸಾದಾ ಮೇಣ, ಹುಬ್ಬಳ್ಳಿ ಮೇಣ. ಗೇಟ್ ಹಾಕಿಲ್ಲ. ಮೊಸರಿನ ಗಡಿಗಿ ಒಂದ ಇಟ್ಟೀನಿ, ಎಲ್ಲಿ ಅಂತ ಹೇಳೂದಿಲ್ಲ.

ಆಕಿ ಆಡಿದ್ಲು. ಹಾರಿದ್ಲು. ಈಗ ಹೊಸಾ ತಕರಾರು. ಬ್ರೇಕ್ ಬಂದೈತೆಲ್ಲ, ಕೆರಿ ದಾಟಿ ಆಚೆ ದಂಡಿ ಮ್ಯಾಲೆ ನಿಂತು ನೋಡಿದ್ಲಂತ, ಅಲ್ಲಿ ಗುಡ್ಡ ಕತ್ತರಿಸಿದಂಗ ಆಗಿ ಬರೇ ಬೂದು ಬಣ್ಣ ಐತಿ, ಮಾಮಾ ಅದರ ಆಚೆ ಏನೈತಿ ಅಂತ ಕೇಳ್ತಾಳ. ಡೇಟಾ ಹಾಕಿಲ್ಲವ್ವಾ ಅಂದೆ. ಹಾಕು ಅಂದ್ಲು.

ಡೊಂಬಿವಲಿ_ಫಾಸ್ಟ್
ಎಸ್‌ಆರ್‌ಟಿಎಮ್ ಒಂದು ಡಿಗ್ರಿ ಉದ್ದ ಒಂದು ಡಿಗ್ರಿ ಅಗಲದ ಟೈಲಲ್ಲಿ ಬರತ್ತಲ್ಲ, ಪೂರ್ತಿ ಟೈಲ್ ನಿಮ್ಮ ಹತ್ರ ಇರ್ಬೇಕು ಆಲ್ರೆಡಿ.

ಅರೆಬರೆ_ಪುಣೆ
ಐತಿ. ಈಗ ಅದನ್ನ ತಗದು ಕುಂತೀನಿ.

ಥಾಣೆ_ಟೀಚರ್
ಒಂದರ ಮುಗಸು ಇಲ್ಲಾ ಒಂದರ ಮಕ್ಕೋ ಅಂದವರು ಏನಂದ್ರು?

ಅರೆಬರೆ_ಪುಣೆ
ಆಕಿ ಮಕ್ಕೊಂಡಾಳ್ರೀ.